ಮಗ್ಗದ ಕೋಣೆಗೆ ಹನ್ನೊಂದು ಹೆಜ್ಜೆ

ಆ ನೇಕಾರನನ್ನು ನಮ್ಮ ಆಸ್ಪತ್ರೆಯ ವರ್ಕ್‌ಶಾಪಿನ ಮೇಜಿನ ಮೇಲೆ ಮಲಗಿಸಿ, ಕಾಲ ಕೆಳಗೆ ಕಂದು ಕಾಗದ ಹಾಸಿ, ತೊಡೆಯಿಂದ ಹಿಮ್ಮಡಿಯವರೆಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದೆ. ಬಲವಿಲ್ಲದ ಕಾಲನ್ನು ನಿಲ್ಲಿಸುವ ಕ್ಯಾಲಿಪರ್ ಮಾಡುವ ಮೊದಲ ಹಂತ ಅದು. ಕಾಲಿನ ಎರಡೂ ಬದಿಗೆ ನಿಲ್ಲುವ ಉಕ್ಕಿನ ಕಂಬಿಗಳನ್ನು ಆ ಗೆರೆಗೆ ಸರಿಯಾಗಿಯೇ ಬಗ್ಗಿಸಬೇಕು. ಗೆರೆ ಸೊಟ್ಟಗಾದರೆ ಮುಂದಿನದೆಲ್ಲ ಸೊಟ್ಟ. ಅದಕ್ಕೇ, ಇಪ್ಪತ್ತು ವರ್ಷದ ಅಭ್ಯಾಸದಂತೆ, "ಆಡಾದೀಂಗ" ಎಂದು ತಮಿಳಿನಲ್ಲಿ ಗದರಿದೆ. ಅಲುಗಾಡಬೇಡಿ ಅಂತ.

ಆತ ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಕನ್ನಡದಲ್ಲಿ ಹೇಳಿದ: "ಕೇಳಿದ್ಯೇನೆ? ಅಳ್ಳಾಡಬ್ಯಾಡ ಅಂತವ್ರೆ. ಅಳ್ಳಾಡಕ್ಕಾದ್ರೆ ನಾನ್ ಇಲ್ಲಿಗ್ ಯಾಕ್ ಬತ್ತಿದ್ದೆ?"

ನನಗೆ ನಗು ತಡೆಯಲಾಗಲಿಲ್ಲ. "ಅದೂ ದಿಟಾನೇ ತಮ್ಮಾ" ಎಂದೆ. ಗಂಡ ಹೆಂಡಿರಿಬ್ಬರೂ ನಾಲಗೆ ಕಚ್ಚಿಕೊಂಡರು. ಸೇಲಂನಲ್ಲಿ ನಮ್ಮ ಕನ್ನಡ ಮನೆಯೊಳಗಿನದು, ಮಗ್ಗದ ಬೀದಿಯದು. ಆಸ್ಪತ್ರೆಯ ಮೇಜಿನ ಮೇಲೆ ಅದು ಕೇಳಿಸೀತೆಂದು ಯಾರೂ ಅಂದುಕೊಳ್ಳುವುದಿಲ್ಲ. ನಾನೂ ಮಗ್ಗದ ಮನೆಯಲ್ಲೇ ಹುಟ್ಟಿದವಳು ಎಂದು ಹೇಳಿದ ಮೇಲೆ ಆತ ನನ್ನನ್ನು ಮೇಡಂ ಅನ್ನುವುದನ್ನು ಬಿಟ್ಟು ಅಕ್ಕಾ ಅನ್ನತೊಡಗಿದ.

ವಯಸ್ಸು ಮೂವತ್ತಾರು. ಹಿಂದಿನ ವರ್ಷ ಮಗ್ಗದ ಮೇಲಿನ ಸಿಮೆಂಟ್ ಶೀಟು ಸೋರುತ್ತದೆಂದು ಮಾಡು ಹತ್ತಿದ್ದಾನೆ. ಶೀಟು ಮುರಿದು ತನ್ನದೇ ಮಗ್ಗದ ಮರದ ಮೇಲೆ ಬೆನ್ನಡಿಯಾಗಿ ಬಿದ್ದಿದ್ದಾನೆ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಭುಜ, ತೋಳು ಮಾತ್ರ ಗಟ್ಟಿ. ಮಗ್ಗದ ಹಲಗೆ ತುಳಿಯುವ ಕೆಲಸಕ್ಕೆ ಬಾಮೈದ ಒಂದು ಸಣ್ಣ ಮೋಟಾರ್ ಕೂರಿಸಿ ಕೊಟ್ಟಿದ್ದ. ಹಾಗಾಗಿ ನೆಲದಲ್ಲಿ ತೋಡಿದ, ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಲ್ಲಿ ಒಮ್ಮೆ ಕೂತರೆ ಕೈಯಲ್ಲೇ ನೇಯುತ್ತಿದ್ದ. ತೊಂದರೆ ಇದ್ದದ್ದು ಅಲ್ಲಿಗೆ ಹೋಗುವುದರಲ್ಲಿ. ಬೆಳಿಗ್ಗೆ ಹೆಂಡತಿ ಕಂಕುಳಿಗೆ ಕೈಕೊಟ್ಟು, ತಾಯಿ ಕಾಲು ಹಿಡಿದು, ಮಂಚದಿಂದ ಕುಣಿಗೆ ಹೊತ್ತು ಹಾಕುತ್ತಿದ್ದರು. ಮತ್ತೆ ಸಂಜೆ ಹೊತ್ತು ತರುತ್ತಿದ್ದರು. ನಡುವೆ ಇನ್ನೊಮ್ಮೆ ಎತ್ತಿಸಿಕೊಳ್ಳಬಾರದೆಂದು ಆತ ಹಗಲಿಡೀ ನೀರೇ ಕುಡಿಯುತ್ತಿರಲಿಲ್ಲ.

"ಮಂಚದಿಂದ ಮಗ್ಗಕ್ಕೆ ಅನ್ನೊಂದು ಎಜ್ಜೆ ಅಕ್ಕಾ. ಅಷ್ಟು ನಾನೇ ಓಗ್ಬೇಕು. ಇವಳ ಸೊಂಟ ಆಗ್ಲೇ ಓಗೈತೆ. ಊರೆಲ್ಲ ಸುತ್ತಾಡೋದ್ ಬೇಕಾಗಿಲ್ಲ ನಂಗೆ."

ಇಷ್ಟು ಚಿಕ್ಕ ಆಸೆ ಕೇಳಿ ನನಗೆ ಸಮಾಧಾನವೇ ಆಯಿತು. ಬರುವವರೆಲ್ಲ ಮೊದಲಿನ ಹಾಗೆ ಓಡುತ್ತೇನಾ ಎಂದೇ ಕೇಳುತ್ತಾರೆ. ಅಳತೆ ಮುಗಿಸಿ ನಾನು ಗಾಲಿ ಹಲಗೆ ತೋರಿಸಿದೆ. ನೆಲದಿಂದ ನಾಲ್ಕು ಬೆರಳು ಎತ್ತರ, ಅಡಿಗೆ ನಾಲ್ಕು ಪುಟ್ಟ ಚಕ್ರ, ಮೇಲೆ ಮೆತ್ತೆ. ಕೂತು ಕೈಯಿಂದ ನೆಲ ತಳ್ಳಿಕೊಂಡು ಹೋಗುವುದು. ನೆಲದ ಮಟ್ಟದಲ್ಲಿರುವ ಕುಣಿಗೆ ಇಳಿಯಲು ಅದಕ್ಕಿಂತ ಸುಲಭದ್ದು ಬೇರೆ ಇಲ್ಲ. ಆತನ ಮುಖ ಕಪ್ಪಿಟ್ಟಿತು.

"ಬಸ್ ಸ್ಟ್ಯಾಂಡ್‌ನಾಗೆ ತಟ್ಟೆ ಇಟ್ಕಂಡು ತಳ್ಕಂಡ್ ಓಗ್ತಾರಲ್ಲ, ಅಂಗಾ? ನಮ್ಮವ್ವ ಅದನ್ನ ನೋಡ್ಬೇಕಾ?"

ನಾನು ಮತ್ತೆ ಆ ಮಾತೆತ್ತಲಿಲ್ಲ. ಡಾಕ್ಟರು ಎರಡೂ ಕಾಲಿಗೆ ತೊಡೆಮಟ್ಟದ ಕ್ಯಾಲಿಪರ್ ಎಂದು ಮೊದಲೇ ಬರೆದುಕೊಟ್ಟಿದ್ದರು, ಅದನ್ನೇ ಮಾಡುವುದೆಂದಾಯಿತು.

ಕಂಬಿಗೆ ಕೈ ಹಾಕುವ ಮೊದಲು ನಮ್ಮಲ್ಲಿ ಒಂದು ಪದ್ಧತಿ ಇದೆ. ಒಬ್ಬರು ಮನೆಗೆ ಹೋಗಿ ನೋಡಿ ಬರಬೇಕು. ಬಾಗಿಲಿನ ಅಗಲ, ಹೊಸ್ತಿಲಿನ ಎತ್ತರ, ನೆಲ ಜಾರುತ್ತದೋ, ಬಚ್ಚಲು ಎಲ್ಲಿದೆ, ಎಲ್ಲಿ ಕೂರುತ್ತಾರೆ, ಎಲ್ಲಿ ಮಲಗುತ್ತಾರೆ. ಎಲ್ಲವನ್ನೂ ಒಂದು ಫಾರ್ಮಿನಲ್ಲಿ ತುಂಬಿ ಕೊನೆಗೆ "ಮನೆ ನೋಡಲಾಗಿದೆ" ಅನ್ನುವ ಚೌಕದಲ್ಲಿ ಗುರುತು ಹಾಕಬೇಕು. ಆ ವಾರ ನನಗೆ ಕಾರಿಮಂಗಲಂನಲ್ಲಿ ಮೂರು ದಿನದ ಕ್ಯಾಂಪ್ ಇತ್ತು. ಮಾರಂಡಹಳ್ಳಿ ಕಡೆಯಿಂದೆಲ್ಲ ಜನ ಬಂದು ಸಾಲು ನಿಂತಿದ್ದರು. ಊಟ ಮಾಡಲೂ ಪುರುಸೊತ್ತಿರಲಿಲ್ಲ. ಅಲ್ಲಿಂದಲೇ ನೇಕಾರನ ಹೆಂಡತಿಗೆ ಫೋನ್ ಮಾಡಿ, ಬಾಗಿಲು ಎಷ್ಟು ಗೇಣು, ಹೊಸ್ತಿಲು ಎಷ್ಟು ಬೆರಳು ಎಂದು ಕೇಳಿ ಬರೆದುಕೊಂಡೆ. ಆಮೇಲೆ ಚೌಕದಲ್ಲಿ ಗುರುತು ಹಾಕಿದೆ. ಮಗ್ಗದ ಮನೆಯಲ್ಲಿ ನೋಡುವಂಥದ್ದೇನಿದೆ, ನಾನೇ ಅಂಥ ಮನೆಯಲ್ಲಿ ಹುಟ್ಟಿ ಬೆಳೆದವಳಲ್ಲವೇ? ಆ ಗುರುತು ಹಾಕುವಾಗ ನನ್ನ ಕೈ ಒಂದಿಷ್ಟೂ ತಡೆಯಲಿಲ್ಲ. ಅದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ.

ಕ್ಯಾಲಿಪರ್‌ಗೆ ಎರಡು ವಾರ ಹಿಡಿಯಿತು. ಕಂಬಿಗಳನ್ನು ಕಾಗದದ ಗೆರೆಗೆ ಹಿಡಿದು ಬಗ್ಗಿಸಿ, ಮಂಡಿಯ ಕೀಲು ಸರಿಯಾದ ಎತ್ತರಕ್ಕೆ ಬರುವಂತೆ ಕೂರಿಸಿದೆ. ನಿಂತಾಗ ಕೀಲಿನ ಉಂಗುರ ಕೆಳಗೆ ಬಿದ್ದು ಮಂಡಿ ಗಟ್ಟಿಯಾಗುತ್ತದೆ, ಕೂರುವಾಗ ಉಂಗುರ ಎತ್ತಿದರೆ ಮಡಚುತ್ತದೆ. ತೊಡೆಗೂ ಮೀನಖಂಡಕ್ಕೂ ಚರ್ಮದ ಪಟ್ಟಿ. ಕೆಳಗೆ ಷೂ. ಕಂಬಿಯನ್ನು ಷೂಗೆ ಸೇರಿಸಲು ಎರಡು ದಾರಿ ಇವೆ. ರಿವೆಟ್ ಹೊಡೆದು ಶಾಶ್ವತವಾಗಿ ಸೇರಿಸಬಹುದು. ಇಲ್ಲವೇ ಕಂಬಿಯ ತುದಿಯನ್ನು ಒಳಕ್ಕೆ ಬಗ್ಗಿಸಿ ಬೆರಳಿನಷ್ಟು ಉದ್ದದ ಮೊಳೆಯಂತೆ ಮಾಡಿ, ಷೂವಿನ ಹಿಮ್ಮಡಿಯಲ್ಲಿ ಕೂರಿಸಿದ ಕೊಳವೆಗೆ ತೂರಿಸಬಹುದು. ಎರಡನೆಯದರಲ್ಲಿ ಷೂ ಬಿಚ್ಚಬಹುದು. ಸ್ಪರ್ಶವಿಲ್ಲದ ಪಾದವನ್ನು ಷೂವಿಗೆ ಸೇರಿಸುವುದು ಹೆಂಡತಿಗೆ ಸುಲಭವಾಗಲಿ ಎಂದು ನಾನು ಎರಡನೆಯದನ್ನು ಆರಿಸಿದೆ. ಒಳ್ಳೆಯದಕ್ಕೇ ಮಾಡಿದೆ ಎಂದುಕೊಂಡಿದ್ದೆ.

ಕ್ಯಾಲಿಪರ್ ಹಾಕಿ, ಕೈಯಾಸರೆಗೆ ನೆಟ್ಟ ಸಮಾನಾಂತರ ಕಂಬಿಗಳ ನಡುವೆ ಮೊದಲ ಸಲ ನಿಲ್ಲಿಸಿದಾಗ ಆತ ಎರಡೇ ನಿಮಿಷಕ್ಕೆ ಬೆವತು ತೊಪ್ಪೆಯಾದ. ರಕ್ತದೊತ್ತಡ ಇಳಿದು ಕಣ್ಣು ಕತ್ತಲಿಟ್ಟಿತು. ನಮ್ಮ ಫಿಸಿಯೋ ಒಬ್ಬ ಗಟ್ಟಿ ಮನುಷ್ಯ, ಬಿಡುವವನಲ್ಲ. ಮೂರು ವಾರ ದಿನಾ ಕರೆಸಿದ. ವಾಕರ್ ಮುಂದೆ ಇಟ್ಟು, ತೋಳಿನ ಬಲದಲ್ಲಿ ಮೈಯೆತ್ತಿ, ಎರಡೂ ಕಾಲನ್ನು ಒಟ್ಟಿಗೆ ಎಳೆದು ಮುಂದಿಡುವ ನಡಿಗೆ ಅದು. ನೋಡಲು ಚೆಂದವಿಲ್ಲ. ಆದರೆ ಮೂರನೆಯ ವಾರದ ಕೊನೆಗೆ ಆತ ಯಾರ ಕೈಯೂ ಇಲ್ಲದೆ ಹದಿನೈದು ಹೆಜ್ಜೆ ಹೋದ. ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಮನೆಗೆ ಕಳಿಸುವ ದಿನ ಕೈಗನ್ನಡಿ ಕೊಟ್ಟು ಹೇಳಿದೆವು. ದಿನಾ ಸಂಜೆ ಹಿಮ್ಮಡಿ, ಹರಡು, ಮಂಡಿ, ತೊಡೆ ನೋಡಬೇಕು. ನೋವು ಗೊತ್ತಾಗದ ಕಾಲು, ಕಣ್ಣೇ ಅದಕ್ಕೆ ಚರ್ಮ. ಎಲ್ಲಾದರೂ ಕೆಂಪಾಗಿ, ಅರ್ಧ ಗಂಟೆಗೂ ಮಾಸದಿದ್ದರೆ ಕ್ಯಾಲಿಪರ್ ನಿಲ್ಲಿಸಿ ನಮ್ಮ ಹತ್ತಿರ ಬರಬೇಕು.

"ನಿಲ್ಸೋದಾ?" ಎಂದು ಆತ ಕೇಳಿದ. "ಎಷ್ಟ್ ದಿನ?"

"ಮಾಯೋವರೆಗೂ."

ಆತ ಕನ್ನಡಿಯನ್ನು ಹೆಂಡತಿಯ ಚೀಲಕ್ಕೆ ಹಾಕಿದ. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಎರಡನೆಯ ವಾರದ ತಪಾಸಣೆಗೆ ಬರಲಿಲ್ಲ. ಫೋನ್ ಮಾಡಿದರೆ, "ಸೂಪರಾಗೈತೆ ಅಕ್ಕಾ, ನಾನೇ ಓಗ್ತೀನಿ, ನಾನೇ ಬತ್ತೀನಿ. ದೀಪಾವಳಿ ಆರ್ಡರ್ ಐತೆ, ಮುಗಿಸ್ಕಂಡ್ ಬತ್ತೀನಿ" ಎಂದ. ಹಿನ್ನೆಲೆಯಲ್ಲಿ ಮಗ್ಗದ ಸದ್ದು ಕೇಳಿ ನನಗೆ ಹಿಗ್ಗು. ಫಿಸಿಯೋಗೂ ಕೇಳಿಸಿದೆ.

ಏಳನೆಯ ವಾರ ಆಟೋದಲ್ಲಿ ಬಂದರು. ಬಾಗಿಲು ದಾಟುವ ಮೊದಲೇ ವಾಸನೆ ಬಂತು. ಈ ಕೆಲಸದಲ್ಲಿರುವವರಿಗೆ ಆ ವಾಸನೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆತನಿಗೆ ಜ್ವರ ಸುಡುತ್ತಿತ್ತು. ಎಡಪಾದಕ್ಕೆ ಬಿಳಿ ಹತ್ತಿಬಟ್ಟೆ ಸುತ್ತಿತ್ತು. ಬಿಚ್ಚಿದೆ. ಒಳಗೆ ಅರಿಶಿನ, ಹರಳೆಣ್ಣೆ, ಅದರೊಳಗೆ ನೂಲಿನ ಸಿಕ್ಕು. ಹಿಮ್ಮಡಿಯ ಒಳಬದಿಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು. ತಳದಲ್ಲಿ ಬೆಳ್ಳಗೆ ಮೂಳೆ ಕಾಣುತ್ತಿತ್ತು. ಬಲಗಾಲಿನಲ್ಲೂ ಅದೇ ಜಾಗದಲ್ಲಿ ಕೆಂಪು ಕಲೆ ಇತ್ತು, ಇನ್ನೂ ಒಡೆದಿರಲಿಲ್ಲ.

ನನ್ನ ಬಾಯಿ ಮೊದಲೇ ಒರಟು. "ಕಣ್ಣು ಕುರುಡಾಗಿತ್ತಾ ನಿಮ್ಗೆ? ಕನ್ನಡಿ ಕೊಟ್ಟಿದ್ದು ತಲೆ ಬಾಚ್ಕಳಕ್ಕಾ?" ಎಂದು ಹೆಂಡತಿಯ ಮೇಲೆ ಕೂಗಾಡಿದೆ.

ಅವಳು ಗಂಡನನ್ನು ನೋಡಿದಳು. "ಮೂರ್ನೇ ವಾರ್ದಾಗೇ ಕೆಂಪಾಗಿತ್ತಕ್ಕಾ. ಇವ್ರೇ ಬ್ಯಾಡ ಅಂದ್ರು. ಹೇಳಿದ್ರೆ ಕಿತ್ಕಂಬುಡ್ತಾರೆ, ಮತ್ತೆ ನೀನೇ ಎತ್ತಾಕ್ಬೇಕು ಅಂದ್ರು."

ಆದರೆ ಷೂವಿನೊಳಗೆ ಅಂಥ ಜಾಗದಲ್ಲಿ, ಅಂಥ ಆಕಾರದ ಗಾಯ ಆಗಲು ಸಾಧ್ಯವೇ ಇರಲಿಲ್ಲ. ಕ್ಯಾಲಿಪರ್ ಎತ್ತಿ ನೋಡಿದೆ. ಷೂ ಹೊಸದರಂತೆ ಇತ್ತು. ಕಂಬಿಯ ತುದಿಯ ಮೊಳೆಗೆ ನೂಲು ಸುತ್ತಿಕೊಂಡಿತ್ತು. ಆಗ ತಲೆಗೆ ಹೊಳೆಯಿತು. ಕೇಳುವ ಮೊದಲೇ ಉತ್ತರ ಗೊತ್ತಾಯಿತು.

"ಷೂ ಎಲ್ಲಿ ಬಿಚ್ತಿದ್ರಿ?"

"ಮಗ್ಗದ ಕೋಣೆ ಬಾಗ್ಲಲ್ಲಿ. ಜೋಡು ಆಕ್ಕಂಡು ಮಗ್ಗದತ್ರ ಎಂಗೆ ಓಗೋದಕ್ಕಾ?"

ಹೇಗೆ ಹೋಗುವುದು? ಮಗ್ಗದ ಕುಣಿ ನಮಗೆ ದೇವರ ಜಾಗ. ಚರ್ಮಕ್ಕೆ ಮೈಲಿಗೆಯಿಲ್ಲ, ಮಗ್ಗದಲ್ಲೇ ಚರ್ಮದ ತುಂಡುಗಳಿರುತ್ತವೆ. ಬೀದಿ ತುಳಿದದ್ದು, ಬಚ್ಚಲು ತುಳಿದದ್ದು ಒಳಗೆ ಬರಬಾರದು, ಅಷ್ಟೇ. ನನ್ನಪ್ಪ ಅಳತೆ ನೋಡಲು ಬಂದ ಅಧಿಕಾರಿಯನ್ನೇ ಬರಿಗಾಲಲ್ಲಿ ನಿಲ್ಲಿಸಿದ್ದರು. ನಾನೇ ಚಿಕ್ಕವಳಿದ್ದಾಗ ಚಪ್ಪಲಿಯಲ್ಲಿ ಓಡಿ ಬಂದು ಏಟು ತಿಂದವಳು. ಇದೆಲ್ಲ ಗೊತ್ತಿದ್ದೂ ಷೂ ಹಾಕಿದ ಕ್ಯಾಲಿಪರ್ ಮಾಡಿ, ಮಗ್ಗಕ್ಕೆ ನಡೆದು ಹೋಗು ಎಂದು ಕಳಿಸಿದ್ದೆ.

ಅವರು ಮಾಡಿದ್ದು ಇಷ್ಟು. ಹೊಸ್ತಿಲಲ್ಲಿ ಕುರ್ಚಿ ಹಾಕಿ ಕೂರಿಸಿ, ಕಂಬಿಗಳನ್ನು ಕೊಳವೆಯಿಂದ ಎಳೆದು ಷೂ ಬಿಡಿಸುವುದು. ಮೊಳೆ ಚುಚ್ಚದಿರಲಿ ಎಂದು ತಾಯಿ ಪಾದಕ್ಕೆ ನೂಲು, ಮೇಲೆ ಬಟ್ಟೆ ಸುತ್ತುವುದು. ಆಮೇಲೆ ಆತ ಎದ್ದು ಉಳಿದ ಹೆಜ್ಜೆ ಹೋಗುವುದು. ಪ್ರತಿ ಹೆಜ್ಜೆಗೂ ಇಡೀ ಮೈಭಾರ ಬಿದ್ದಾಗ ಒಳಮುಖದ ಆ ಮೊಳೆಗಳು ನೂಲು ದಾಟಿ ಹಿಮ್ಮಡಿಗೆ ಇಳಿದಿವೆ. ದಿನಕ್ಕೆ ನಾಲ್ಕು ಸಲ, ಏಳು ವಾರ. ಆತನಿಗೆ ಗೊತ್ತಾಗಿಲ್ಲ.

ಬೇಕಾಗಿದ್ದದ್ದು ಇಷ್ಟೇ: ದಪ್ಪ ಕ್ಯಾನ್ವಾಸ್, ಅಡಿಗೆ ರಬ್ಬರ್ ಹಾಳೆ, ಹಿಮ್ಮಡಿಯಲ್ಲಿ ಒಂದು ಕೊಳವೆ. ಮನೆಯಿಂದ ಹೊರಗೆ ಹೋಗದ ಬಟ್ಟೆಯ ಪಾದರಕ್ಷೆ. ಮಾಡಲು ನನಗೆ ಅರ್ಧ ದಿನ ಸಾಕಿತ್ತು. ಆ ಮನೆಯ ಬಾಗಿಲಲ್ಲಿ ಒಮ್ಮೆ ಚಪ್ಪಲಿ ಬಿಟ್ಟಿದ್ದರೆ ಸಾಕಿತ್ತು, ಹೊಳೆಯುತ್ತಿತ್ತು. ಅಯ್ಯೋ ನನ್ನ ಕರ್ಮವೇ ಎಂದು ತಲೆ ಚಚ್ಚಿಕೊಳ್ಳುವಂತಾಯಿತು.

ಆಸ್ಪತ್ರೆಯಲ್ಲಿ ಎರಡು ಸಲ ಗಾಯ ಕೆರೆದು ಶುದ್ಧ ಮಾಡಿದರು. ಸೋಂಕು ಹಿಮ್ಮಡಿಯ ಮೂಳೆಗೆ ಇಳಿದಿತ್ತು. ಡ್ರಿಪ್ ಮೇಲೆ ಡ್ರಿಪ್ ಏರಿಸಿದರೂ ಜ್ವರ ಬಿಡಲಿಲ್ಲ. ಮೂರನೆಯ ದಿನ ಸರ್ಜನ್ ವಾರ್ಡಿಗೆ ಬಂದಾಗ ನಾನೂ ಇದ್ದೆ. ಅವರು ತಾಯಿಯನ್ನು ಕರೆದು ಷೂ ಬಿಚ್ಚಿಸಿದ್ದು ಯಾರು ಎಂದು ತಮಿಳಿನಲ್ಲಿ ಕೇಳಿದರು. ಮಗ್ಗದ ಸದ್ದಿನಲ್ಲಿ ಕಿವಿ ಮಂದವಾದ ಮುದುಕಿ, ಕೇಳಿಸಲಿಲ್ಲ. ಅವರು ಕೂಗಿ ಕೇಳಿದರು. ಇಡೀ ವಾರ್ಡು ತಿರುಗಿ ನೋಡಿತು.

"ನಾನ್ ದಾನ್ ಸಾಮಿ" ಎಂದಳು ಮುದುಕಿ, ಕೈ ಮುಗಿದು. ನಾನೇ ಸ್ವಾಮಿ ಅಂತ.

"ನಿಮ್ಮ ಮಡಿಯಿಂದ ಮಗನ ಕಾಲು ಹೋಗ್ತಿದೆ, ಗೊತ್ತಾ?"

ನಾನು ಫೈಲ್ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದೆ. ನನ್ನ ಗುರುತು ಹಾಕಿದ ಫಾರ್ಮು ಅದರೊಳಗೇ ಇತ್ತು. ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಊರಿಗೆಲ್ಲ ಬೈಯುವ ಬಾಯಿ ಆ ಹೊತ್ತಿಗೆ ಹೊಲಿದುಕೊಂಡಿತು. ನಾಚಿಕೆಗೇಡು ಅಂದರೆ ಅದೇ, ಬೇರೆ ಹೆಸರಿಲ್ಲ.

ಮರುದಿನ ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಿದರು. ಒಪ್ಪಿಗೆಗೆ ಆತನೇ ಸಹಿ ಹಾಕಿದ. "ಇದ್ರೂ ಇಲ್ದಂಗೇ ಇತ್ತು" ಎಂದನಂತೆ. ತಾಯಿ ಅಳಲಿಲ್ಲ. ಆಪರೇಷನ್ ಕೋಣೆಯ ಹೊರಗೆ ಗೋಡೆಗೆ ತಲೆಯಾನಿಸಿ ಕೂತವಳು ಊಟಕ್ಕೂ ಏಳಲಿಲ್ಲ. ಮನೆಗೆ ಹೋದ ಮೇಲೂ ಮಗ್ಗದ ಕೋಣೆಗೆ ಕಾಲಿಡುವುದಿಲ್ಲ, ದೀಪ ಹಚ್ಚುವುದಿಲ್ಲ, ಮಗನ ಮುಖ ನೋಡಿ ಮಾತಾಡುವುದಿಲ್ಲ ಎಂದು ಸೊಸೆ ಹೇಳಿದಳು.

ಗಾಯ ಮಾಯಲು ಎರಡು ತಿಂಗಳಾಯಿತು. ಕೃತಕ ಕಾಲು ಹಾಕಿ ಮತ್ತೆ ನಡೆಸೋಣ ಎಂದು ಫಿಸಿಯೋ ಹುರುಪಿನಿಂದ ಹೇಳಿದ. ನಾನು ಬೇಡ ಎಂದೆ. ಸ್ಪರ್ಶವಿಲ್ಲದ ಮೊಂಡುಗಾಲನ್ನು ಕೃತಕ ಕಾಲಿನ ಗಟ್ಟಿ ಬಟ್ಟಲಿನೊಳಗೆ ಇಟ್ಟು ಮೈಭಾರ ಹಾಕಿಸಿದರೆ ಮತ್ತೆ ಹುಣ್ಣು. ಈ ಸಲ ಮಂಡಿಯೂ ಹೋಗುತ್ತದೆ. ನಮ್ಮಿಬ್ಬರಿಗೂ ಜೋರು ಜಗಳವಾಯಿತು. "ಅವನಿಗೆ ಇರೋ ಆಸೆನೂ ಮುರೀತೀರಾ?" ಎಂದ. "ಅವನ ಆಸೆ ನಡೆಯೋದಲ್ಲ, ಮಗ್ಗಕ್ಕೆ ಹೋಗೋದು. ನಡಿಗೆ ನಮ್ಮ ಆಸೆ" ಎಂದೆ. ಆ ದಿನವೇ ಗಾಲಿ ಹಲಗೆಗೆ ಮರ ಕೊಯ್ದೆ. ಈ ಸಲ ಟೇಪು ಹಿಡಿದುಕೊಂಡು ಮನೆಗೇ ಹೋದೆ. ಚಪ್ಪಲಿ ಬೀದಿಯಲ್ಲಿ ಬಿಟ್ಟೆ. ಹೊಸ್ತಿಲು, ಕುಣಿಯ ಅಂಚು, ಅವನ ಸೊಂಟದಗಲ, ತೋಳಿನುದ್ದ, ಎಲ್ಲ ಅಳೆದೆ. ಹೊಸ್ತಿಲಿಗೆ ಎರಡೂ ಕಡೆ ಇಳಿಜಾರಿನ ಮರದ ತುಂಡು, ಕುಣಿಯ ಪಕ್ಕ ಹಿಡಿಯಲು ಒಂದು ಕಬ್ಬಿಣದ ಗೂಟ, ಕುಣಿಯೊಳಗೆ ದಪ್ಪ ಮೆತ್ತೆಯ ಪೀಠ. ಕೈಗೆ ನೆಲ ಉಜ್ಜದಿರಲು ಹಿಡಿಕೆಯಿದ್ದ ಎರಡು ರಬ್ಬರ್ ಗಟ್ಟಿ.

ವರ್ಕ್‌ಶಾಪಿನಲ್ಲಿ ಹಲಗೆ ತೋರಿಸಿದಾಗ ಆತ ಒಂದು ಚಕ್ರವನ್ನು ಬೆರಳಿನಿಂದ ತಿರುಗಿಸಿದ. "ಬ್ಯಾಡ ಅಂದಿದ್ನಲ್ಲಕ್ಕಾ ಅವತ್ತು" ಎಂದ. "ಅವತ್ತೇ ತಗಂಡಿದ್ರೆ ಕಾಲಿರ್ತಿತ್ತು." ನಾನು ಚಕ್ರದ ತಿರುಪು ಬಿಗಿ ಮಾಡಿದೆ.

ಹಲಗೆ ಕೊಡಲು ಹೋದ ದಿನ ಮುದುಕಿ ಒಳಗಿನಿಂದ ಬಂದು, ಒದ್ದೆ ಬಟ್ಟೆಯಲ್ಲಿ ನಾಲ್ಕು ಚಕ್ರಗಳನ್ನೂ ಒರೆಸಿದಳು. ಆಮೇಲೆ ಒಂದೊಂದಕ್ಕೂ ಕುಂಕುಮ ಇಟ್ಟಳು. ಇದು ಮನೆಯ ವಸ್ತು, ಒಳಗೆ ಬರಬಹುದು ಎಂದು ಅದರ ಅರ್ಥ. ಎದ್ದು ನಿಂತವಳು ನನ್ನ ಕೈ ಹಿಡಿದು ಕೇಳಿದಳು.

"ಇಂಗೇ ಮನೆಗೇಂತ ಒಂದು ಬಟ್ಟೆ ಜೋಡು ಮಾಡ್ಕೊಡಕ್ಕಾಗ್ತಿತ್ತಾ ಮಗಾ? ನಿನ್ನ ಕೇಳಕ್ಕೆ ನಂಗ್ ಬುದ್ಧಿ ಬರ್ನಿಲ್ಲ. ನಾನೇ ತಿಂದ್ಬುಟ್ಟೆ ಅವನ ಕಾಲ್ನ."

ಉತ್ತರಕ್ಕೆ ಕಾಯದೆ ಅಡುಗೆ ಮನೆಗೆ ಹೋದಳು.

ಆತ ಮಂಚದಿಂದ ಹಲಗೆಗೆ ಜಾರಿದ. ರಬ್ಬರ್ ಗಟ್ಟಿಗಳಿಂದ ನೆಲ ತಳ್ಳಿದ. ಹೊಸ್ತಿಲ ಇಳಿಜಾರಿನಲ್ಲಿ ಒಮ್ಮೆ ಹಿಂದೆ ಸರಿದ. ಹೆಂಡತಿ ಕೈ ಚಾಚಿದಳು. "ಮುಟ್ಬ್ಯಾಡ" ಎಂದು ಗದರಿದ. ಎರಡನೆಯ ಸಲ ದಾಟಿದ. ಕುಣಿಯ ಅಂಚಿಗೆ ಬಂದು, ಗೂಟ ಹಿಡಿದು, ಉಳಿದ ಒಂದು ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟು, ಮೈಯನ್ನು ಮೆತ್ತೆಯ ಮೇಲೆ ಇಳಿಸಿದ. ಯಾರೂ ಮುಟ್ಟಲಿಲ್ಲ. ಹೆಂಡತಿ ಕುಣಿಗೆ ಬಗ್ಗಿ, ಇಳಿದ ಆ ಕಾಲಿನ ಹಿಮ್ಮಡಿಯನ್ನು ಬೆರಳಿಂದ ಸುತ್ತ ತಡವಿ ನೋಡಿದಳು. ಆತ ಮೋಟಾರ್ ಹಾಕಿ ಲಾಳಿ ಹೊಡೆದ.

ಮಗ್ಗ ಓಡತೊಡಗಿತು. ನಾನು ಕುಣಿಯ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಆ ಸದ್ದಿನಲ್ಲಿ ಹೇಳಿದರೆ ಮುದುಕಿಗೆ ಕೇಳಿಸುವುದಿಲ್ಲ ಎನ್ನುವ ಧೈರ್ಯ ನನಗಿತ್ತು. ಅದನ್ನು ಧೈರ್ಯ ಅನ್ನಬಾರದು.

"ತಮ್ಮಾ, ಕ್ಯಾಲಿಪರ್ ಮಾಡೋ ಮುಂಚೆ ನಾನು ಈ ಮನೆ ನೋಡ್ಬೇಕಿತ್ತು. ಬರ್ಲಿಲ್ಲ. ನೋಡಿದೀನಿ ಅಂತ ಸುಳ್ಳು ಗುರುತು ಹಾಕ್ದೆ. ಮಗ್ಗದ ಕೋಣೆಗೆ ಜೋಡು ತರಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಷೂ ಆಕಿದ್ದು ನಾನು."

ಆತನ ಕೈ ನಿಂತಿತು. ನನ್ನ ಮುಖವನ್ನೇ ನೋಡಿದ. ಬೈಯುತ್ತಾನೆ, ಎದ್ದು ಹೋಗು ಅನ್ನುತ್ತಾನೆ ಎಂದು ಕಾದೆ. ಆತ ಮೋಟಾರ್ ಆರಿಸಿದ.

"ಡಾಕ್ಟ್ರತ್ರ ಹೇಳಿದ್ರಾ ಇದನ್ನ?"

"ಇಲ್ಲ. ಈಗ ಓಗಿ ಹೇಳ್ತೀನಿ."

"ಅದು ಆಮ್ಯಾಕೆ" ಎಂದು ಅಡುಗೆ ಮನೆ ಕಡೆ ತಿರುಗಿ ಕೂಗಿದ. "ಅವ್ವಾ! ಇಲ್ಲಿ ಬಾ!"

ಮುದುಕಿ ಬಂದು ಹೊಸ್ತಿಲ ಆಚೆಯೇ ನಿಂತಳು.

"ಒಳಗ್ ಬಾ." ಅವಳು ಒಳಗೆ ಬಂದಳು. ಆತ ನನ್ನ ಕಡೆ ತಿರುಗಿದ. "ಈಗ್ ಹೇಳಿ ಅಕ್ಕಾ. ಗಟ್ಟಿಯಾಗಿ ಹೇಳಿ. ಅವಳಿಗ್ ಕೇಳ್ಬೇಕು."

ನಾನು ಎದ್ದು ನಿಂತು ಹೇಳಿದೆ. ಅವಳು ಕಿವಿಗೆ ಕೈಯಿಟ್ಟು, "ಏನಂದೆ ಮಗಾ?" ಎಂದಳು. ಮತ್ತೆ ಹೇಳಿದೆ, ಗಂಟಲು ಹರಿಯುವಂತೆ. ಗೋಡೆಯಾಚೆ ಪಕ್ಕದ ಮನೆಯವರ ಮಗ್ಗವೂ ನಿಂತಿತು.

ಮುದುಕಿ ನನ್ನನ್ನು ನೋಡಲಿಲ್ಲ. ಕುಣಿಯಲ್ಲಿ ಕೂತ ಮಗನನ್ನು ನೋಡಿದಳು, ಅಷ್ಟು ದಿನದ ಮೇಲೆ.

"ಅಂಗಾದ್ರೆ ನಾನಲ್ವೇನೋ?"

"ನೀನಲ್ಲವ್ವಾ."

ಕಾಲು ಕತ್ತರಿಸಿದ ದಿನವೂ ಅಳದ ಹೆಂಗಸು ಕುಣಿಯ ಅಂಚಿನಲ್ಲಿ ಕುಸಿದು ಕೂತು, ಬಾಯಿ ಬಿಟ್ಟು ಅಳತೊಡಗಿದಳು.